ರಸಮಟ್ಟ

ಮನೆ ಕೊಳ್ಳುವವರು ಯಾರೋ, ಸಾಲ ಕೊಡುವ ಬ್ಯಾಂಕು ಯಾವುದೋ,
ನಡುವೆ ನಾನು: ರಸಮಟ್ಟ, ಟಾರ್ಚು, ಜೇಬಿನಲ್ಲೊಂದು ಗೋಲಿ.
ನಾರ್ತ್‌ವಿಚ್ಚಿನ ಈ ಬೀದಿಗೆ ಗೋಲಿಯೊಂದೇ ಸಾಕು.
ಬಾಗಿಲ ಬಳಿ ಬಿಟ್ಟೆ.
ನಡುಮನೆ ದಾಟಿ, ನಾಯಿಯ ಬಟ್ಟಲು ಬಳಸಿ,
ಪಿಯಾನೋದಡಿಯ ಮೂಲೆಗೆ ಹೋಗಿ ಕೂತುಬಿಟ್ಟಿತು.

"ಅದು ಅಲ್ಲೇ ಹೋಗುವುದು" ಎಂದರು ಮೇವಿಸ್ ಹಲ್ಸ್,
ಎಂಬತ್ತೊಂದರ ಒಡತಿ, ಗೋಲಿಯತ್ತ ನೋಡದೆಯೇ.
"ನನ್ನ ಮಕ್ಕಳೂ ಅಲ್ಲಿಗೇ ತೆವಳುತ್ತಿದ್ದವು.
ಹತ್ತುವುದಕ್ಕಿಂತ ಮೊದಲು ಇಳಿಯುವುದು ಕಲಿತವು."

ಮೂರು ಮೀಟರಿಗೆ ಮೂವತ್ತೆಂಟು ಮಿಲಿಮೀಟರು, ಬರೆದುಕೊಂಡೆ.
ರಸಮಟ್ಟದ ಗುಳ್ಳೆ ಒಂದೇ ಕಡೆ ಒತ್ತರಿಸಿಕೊಂಡು
ಬಸ್ಸಿನಲ್ಲಿ ಸೀಟು ಸಿಗದವಳಂತೆ ನಿಂತಿತ್ತು.

ಇಲ್ಲೊಂದು ಸಮುದ್ರ ಸತ್ತು ಇಪ್ಪತ್ತು ಕೋಟಿ ವರ್ಷ ದಾಟಿತು.
ಅದರ ಕಂದು ಎಲುಬು ಹೊಲಗಳ ಕೆಳಗೆ ಮಲಗಿತ್ತು
ಯಾರ ತಂಟೆಗೂ ಬಾರದೆ.
ಮೇಲಿನವರು ನೀರು ಬಿಟ್ಟರು, ನೀರು ಉಪ್ಪು ತಿಂದಿತು,
ತಿಂದ ನೀರನ್ನು ಪಂಪಿನಲ್ಲಿ ಎಳೆದು ಕುದಿಸಿದರು.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ತಿಂದದ್ದು ನೀರೇ ಆದಾಗ
ಕುಡಿಯುವ ಪಾಳಿ ನೆಲದ್ದು.
ಕುಡಿಯಿತು: ಒಂದು ಕುದುರೆಲಾಯ, ಎರಡು ಹೆಂಡದಂಗಡಿ,
ಒಬ್ಬ ವಕೀಲನ ಕಚೇರಿ, ಮೊದಲ ಮಹಡಿಯ ತನಕ.
ಆಮೇಲೆ ಬುದ್ಧಿ ಬಂದು ಮರದ ಚೌಕಟ್ಟಿನ ಮನೆ ಕಟ್ಟಿದರಂತೆ,
ಕುಸಿದರೆ ಜಾಕು ಕೊಟ್ಟು ಎತ್ತಲು
ಪಂಕ್ಚರಾದ ಲಾರಿಯನ್ನು ಎತ್ತಿದ ಹಾಗೆ.

ಅಡುಗೆಮನೆಯ ತೇವ ನೋಡಬೇಕಿತ್ತು.
ಸಿಂಕಿನಡಿ ಬಗ್ಗಿ ಟಾರ್ಚು ಹಿಡಿದರೆ
ಬ್ಲೀಚಿನ ಬಾಟಲಿ. ಅದು ಉಪ್ಪು.
ಬಟ್ಟೆಸೋಡದ ಪೊಟ್ಟಣ, ಅದು ಉಪ್ಪು ಮತ್ತು
ಡರ್ಬಿಶೈರಿನ ಯಾವುದೋ ಗುಡ್ಡದ ಸುಣ್ಣಕಲ್ಲು,
ಆ ಗುಡ್ಡ ಈಗ ಗುಡ್ಡವಲ್ಲ.
ತೊಟ್ಟಿಕ್ಕುವ ಪ್ಲಾಸ್ಟಿಕ್ ಕೊಳವೆಯಲ್ಲೂ ಅರ್ಧ ಉಪ್ಪಿನ ಪಾಲು.
ಮಂಡಿಯೂರಿದಲ್ಲೇ ನನಗೊಂದು ನಾಚಿಕೆ:
ಈ ಮನೆ ಬಾಗಿದ್ದು ಈ ಮನೆ ತೊಳೆಯುವುದಕ್ಕೆ.
ಕಿಟಕಿಯ ಗಾಜೂ ಸೋಡ ಬೆರೆಯದೆ ಕರಗುತ್ತಿರಲಿಲ್ಲ;
ಅದರಾಚೆ ಹರಿಯುವ ವೀವರ್ ಮಾತ್ರ ಬರೀ ನದಿ.
ಇನ್ನು ನನ್ನ ರಸಮಟ್ಟದ ಆ ಪುಟ್ಟ ನಳಿಗೆ?
ಓರೆ ಅಳೆಯಲು ತಂದದ್ದೂ
ಅದೇ ಗುಂಡಿಯಿಂದ ಎದ್ದು ಬಂದಿತ್ತೇನೋ.

ಸಾಣಿಕಟ್ಟೆಯ ಆಗರದಲ್ಲಿ ನಮ್ಮ ದೊಡ್ಡಮ್ಮ ಬುದವಂತಿ
ಮೇ ತಿಂಗಳ ಉರಿಯಲ್ಲಿ ಉಪ್ಪು ಎಳೆಯುತ್ತಿದ್ದಳು.
ಅದು ಕಣ್ಣೆದುರೇ ಬೆಳೆಯುವ ಉಪ್ಪು,
ನೆಲ ಇದ್ದಲ್ಲೇ ಇರುತ್ತಿತ್ತು.
ಬಿರುಕು ಬಿಟ್ಟದ್ದು ಅವಳ ಹಿಮ್ಮಡಿ.
ಎಲ್ಲೋ ಒಂದು ಕಡೆ ಬಿಡಲೇಬೇಕು, ಕಾಣುತ್ತದೆ.

ವರದಿಯಲ್ಲಿ ಒಂದು ಅಂಕಣ ಬಾಕಿ: *ಕಾರಣ*.
ಪೆನ್ನು ಹಿಡಿದು ಕೂತಿದ್ದವನ ಮುಂದೆ
ಬೇಯಿಸಿದ ಮೊಟ್ಟೆ ಬಂತು, ಬ್ರೆಡ್ಡು ಬಂತು, ಚಹಾ ಬಂತು.
"ಉಪ್ಪು?" ಎಂದು ಡಬ್ಬಿ ಚಾಚಿದರು ಮೇವಿಸ್.
ನನ್ನ ಕೈ ಅರ್ಧಕ್ಕೇ ನಿಂತಿತು.
ಇಪ್ಪತ್ತು ವರ್ಷ ಇಂಗ್ಲೆಂಡಿನಲ್ಲಿದ್ದರೂ ನಿಲ್ಲುತ್ತದೆ.
"ಕೈಗೆ ಕೊಡಬೇಡಿ, ಜಗಳವಾಗುತ್ತದೆ ಅನ್ನುತ್ತಾರೆ ನಮ್ಮ ಕಡೆ."

ಅವರು ಡಬ್ಬಿಯನ್ನೇ ಒಮ್ಮೆ ನೋಡಿದರು.
"ಇದರ ಜೊತೆ ಈ ಊರಿನ ಜಗಳ ಶುರುವಾಗಿ
ಇನ್ನೂರು ವರ್ಷವಾಯಿತಪ್ಪ" ಎಂದು ನಕ್ಕು
ಆ ದುಂಡು ಡಬ್ಬಿಯನ್ನು ಮೇಜಿನ ತಮ್ಮ ತುದಿಯಲ್ಲಿ
ಅಡ್ಡ ಮಲಗಿಸಿ, ಬೆರಳು ಬಿಟ್ಟರು.

ಮೇಜಿನ ಕಾಲಿಗೆ ಅಡೆ ಇಡುವುದನ್ನು ಅವರು ಎಂದೋ ಬಿಟ್ಟಿದ್ದಾರೆ.
ಬೆಣ್ಣೆ ದಾಟಿ, ನನ್ನ ಕಾಗದಗಳ ಅಂಚು ಸವರಿ,
ಒಳಗೆ ಸಣ್ಣಗೆ ಮಳಲ ಸದ್ದು ಮಾಡುತ್ತ
ಉಪ್ಪು ತಾನಾಗಿ ಉರುಳಿ ಬಂತು.